ತೊಟ್ಟಿಲ ಬದಿಯ ಗದ್ಯ

ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದಂದಿನಿಂದ ಕನ್ನಡ ತಾಯಿಯ ಹಾಡಿಗೆ ಸಾಹಿತ್ಯದ ಪಂಕ್ತಿಯಲ್ಲಿ ಒಂದು ಮಣೆ ದೊರೆತಿದೆ. ಬೀಸುವಾಗ, ಕುಟ್ಟುವಾಗ, ಕೂಸನ್ನು ತೂಗುವಾಗ ಅವಳು ಕಟ್ಟಿದ ಪದಗಳನ್ನು ವಿದ್ವಾಂಸರು ಬರೆದುಕೊಂಡರು, ಪಾಠಾಂತರಗಳನ್ನು ಗುರುತಿಸಿದರು, ವಿಶ್ವವಿದ್ಯಾಲಯಗಳಲ್ಲಿ ಅವು ಪಠ್ಯವೂ ಆದವು. ಆದರೆ ಹಾಡು ನಿಂತು ಕೂಸು ಕಣ್ಣುಮುಚ್ಚಿದ ಮೇಲೆ ತೊಟ್ಟಿಲ ಬದಿಯಲ್ಲಿ ಕುಳಿತ ಇಬ್ಬರು ಹೆಂಗಸರು ತಗ್ಗಿದ ದನಿಯಲ್ಲಿ ಆಡಿಕೊಂಡ ಮಾತು ಸಂಕಲನಕಾರರ ಕಿವಿಗೆ ಅಷ್ಟಾಗಿ ಬೀಳಲಿಲ್ಲ. ಹಾಲು ಸಾಲದಿದ್ದರೆ ಏನು ಉಣ್ಣಬೇಕು, ಮಗು ರಚ್ಚೆ ಹಿಡಿದರೆ ಮೊದಲು ನೋಡಬೇಕಾದುದು ಹೊಟ್ಟೆಯನ್ನೋ ಕಿವಿಯನ್ನೋ, ತಲೆ ನಿಲ್ಲುವ ಮೊದಲು ಎತ್ತಿಕೊಳ್ಳುವ ಬಗೆ ಯಾವುದು, ಎಂಬಂಥ ಈ ಮಾತು ಹಾಡಲ್ಲ, ಕಥೆಯಲ್ಲ, ಪೂರ್ತಿಯಾಗಿ ಗಾದೆಯೂ ಅಲ್ಲ. ಅದು ಗದ್ಯ, ಕನ್ನಡದಲ್ಲಿ ದಿನದಿನವೂ ಹುಟ್ಟುವ ಗದ್ಯಗಳೊಳಗೆ ಅತ್ಯಂತ ಹೆಚ್ಚು ಬಳಕೆಯ ಗದ್ಯ.

ಕನ್ನಡಕ್ಕೆ ಗೃಹೋಪಯೋಗಿ ಶಾಸ್ತ್ರಗ್ರಂಥಗಳ ಕೊರತೆಯೇನೂ ಇಲ್ಲ. ಚಾವುಂಡರಾಯನ ‘ಲೋಕೋಪಕಾರ’ 1025ರಷ್ಟು ಹಿಂದಿನದು. ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಪ್ರಸಿದ್ಧವಾದುದು. ದೇವೇಂದ್ರಮುನಿಯ ಹೆಸರಿನಲ್ಲಿ ‘ಬಾಲಗ್ರಹಚಿಕಿತ್ಸೆ’ ಎಂಬ ಕೃತಿಯುಂಟು. ಅಡುಗೆಯನ್ನೂ ಶಿಶುವನ್ನೂ ಕುರಿತು ಹೀಗೆ ಗ್ರಂಥ ಬರೆದವರು ಪುರುಷರು. ಅವರಿಗೆ ಸಾಮಗ್ರಿ ಎಲ್ಲಿಂದ ದೊರೆತಿರಬೇಕೆಂದು ಊಹಿಸುವುದು ಕಷ್ಟವಲ್ಲ. ಈಚಿನ ಜಾನಪದ ವಿದ್ವಾಂಸರು ಮನೆಮದ್ದುಗಳನ್ನು ಸಂಗ್ರಹಿಸಿರುವುದೂ ನಿಜವೇ. ಆದರೆ ಅಂಥ ಸಂಗ್ರಹಗಳಲ್ಲಿ ಸಾಮಾನ್ಯವಾಗಿ ಉಳಿಯುವುದು ಬೇರಿನ ಹೆಸರು, ರೋಗದ ಹೆಸರು. ಹೇಳಿದವಳ ಮಾತು ಸೋರಿಹೋಗಿರುತ್ತದೆ. ತಾಯಂದಿರ ಹಿತೋಕ್ತಿಯನ್ನು ವೈದ್ಯವೆಂದು ನೋಡಿದ್ದಾಯಿತು, ಮಾತೆಂದು ನೋಡಬೇಕಾಗಿದೆ. ಹಾಗೆ ನೋಡಿದಲ್ಲದೆ ಅದರ ಸತ್ಯಾಸತ್ಯವೂ ತಿಳಿಯಲಾರದು.

ಒಂದು ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಪರಿಶೀಲಿಸುವುದು ಲೇಸು. ಎಳೆಮಗುವಿಗೆ ಎಣ್ಣೆನೀರಾದ ದಿನ ಬಜೆ, ಜಾಯಿಕಾಯಿ, ಅಳಲೆಕಾಯಿ, ಮಾಚಿಕಾಯಿ, ಒಣಶುಂಠಿ, ಬಾದಾಮಿ, ಉತ್ತತ್ತಿ ಮೊದಲಾದವನ್ನು ಕಲ್ಲಿನ ಮೇಲೆ ತಾಯಿಯ ಹಾಲಿನಲ್ಲಿ ತೇಯ್ದು ನೆಕ್ಕಿಸುವ ಪದ್ಧತಿ ಕನ್ನಡಿಗರ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಮಹಾರಾಷ್ಟ್ರದಲ್ಲಿ ಇಂಥದನ್ನೇ ಬಾಳಗುಟಿ ಎನ್ನುವರು, ತಮಿಳರಲ್ಲಿ ಉರೈಮರುಂದು. ಮುಂಬಯಿಯ ಕನ್ನಡತಿ ಬಜೆಯನ್ನು ಅಂಗಡಿಯಲ್ಲಿ ವೇಖಂಡವೆಂದು ಕೇಳಬೇಕು, ಚೆನ್ನೈಯವಳು ವಸಂಬು ಎಂದು. ತಮಿಳಿನಲ್ಲಿ ಆ ಬೇರಿಗೆ ‘ಪಿಳ್ಳೈವಳರ್ಪ್ಪಾನ್’, ಅಂದರೆ ಮಗುವನ್ನು ಬೆಳೆಸತಕ್ಕದ್ದು, ಎಂಬ ಮುದ್ದಿನ ಹೆಸರೂ ಉಂಟು.

ಇಲ್ಲಿ ವಿಮರ್ಶಕನ ಕಣ್ಣಿಗೆ ಬೀಳಬೇಕಾದುದು ಬೇರುಗಳ ಪಟ್ಟಿಯಲ್ಲ, ಅಳತೆ. ತೂಕವಿಲ್ಲ, ಚಮಚವಿಲ್ಲ, ಕಲ್ಲಿನ ಮೇಲೆ ಎಷ್ಟು ಸುತ್ತು ತೇಯಬೇಕೆಂಬುದೇ ಪ್ರಮಾಣ. ಖಾರವಾದುದಕ್ಕೆ ಒಂದು ಸುತ್ತು, ಸೌಮ್ಯವಾದುದಕ್ಕೆ ಇನ್ನೆರಡು. ತಿಂಗಳು ಕಳೆದಂತೆ ಸುತ್ತು ಏರುತ್ತದೆ. ಹೊಟ್ಟೆ ಕೆಟ್ಟರೆ ಕೆಲವು ಬಿಟ್ಟುಹೋಗುತ್ತವೆ. ಸುತ್ತು ಎಂಬ ಈ ಮಾತು ಕಲ್ಲನ್ನೂ ಕೈಯನ್ನೂ ಕಾಣದೆ ಅರ್ಥವಾಗುವಂಥದಲ್ಲ. ಒರಟು ಕಲ್ಲಿನ ಮೇಲೆ ಮುದುಕಿಯೊಬ್ಬಳ ಹಗುರಗೈಯ ಎರಡು ಸುತ್ತು, ನುಣ್ಣನೆಯ ಕಲ್ಲಿನ ಮೇಲೆ ಹರೆಯದವಳ ಎರಡು ಸುತ್ತು ಒಂದೇ ಆಗಲಾರವು. ಆದುದರಿಂದ ಈ ಉಪದೇಶಕ್ಕೆ ಪಕ್ಕದಲ್ಲಿ ಕುಳಿತು ನೋಡುವ ಕಣ್ಣು ಬೇಕು, ‘ಸಾಕು, ನಿಲ್ಲಿಸು’ ಎನ್ನುವ ಬಾಯಿ ಬೇಕು, ಮರುದಿನ ಮಗುವಿನ ಮುಖ ನೋಡಿ ನಿನ್ನೆಯ ಮಾತನ್ನು ತಿದ್ದುವ ಮನಸ್ಸು ಬೇಕು. ತಿದ್ದುಪಡಿಯಿಲ್ಲದೆ ಹೋದರೆ ಉಪದೇಶವೇ ಇಲ್ಲ. ಹಳಗನ್ನಡದಲ್ಲಿ ‘ಒರೆ’ ಎಂದರೆ ಹೇಳು. ‘ಒರೆ’ ಎಂದರೆ ತಿಕ್ಕಿ ಪರೀಕ್ಷಿಸು ಎಂದೂ ಆಗುತ್ತದೆ, ಒರೆಗಲ್ಲಿನಲ್ಲಿರುವುದು ಅದೇ. ತಮಿಳಿನ ‘ಉರೈ’ಗೂ ಈ ಎರಡರ್ಥ ಉಂಟು. ಎರಡಕ್ಕೂ ಧಾತು ಒಂದೇ ಎಂದು ಸಾಧಿಸುವ ಹಟ ಇಲ್ಲಿಲ್ಲ. ಆದರೆ ತೇಯುವ ಕಲ್ಲಿನ ಮುಂದೆ ಕುಳಿತವರಿಗೆ ಹೇಳುವುದೂ ಒರೆಹಚ್ಚುವುದೂ ಒಂದೇ ಕೆಲಸವಾಗಿದ್ದುದರಲ್ಲಿ ಸಂದೇಹವಿಲ್ಲ.

ಇದು ಆ ಮದ್ದಿನ ಸಮರ್ಥನೆಯಲ್ಲ. ಮೊದಲ ಆರು ತಿಂಗಳು ತಾಯಿಯ ಹಾಲಲ್ಲದೆ ಮತ್ತೇನನ್ನೂ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2001ರಿಂದ ಹೇಳುತ್ತಿದೆ. ಬಜೆಯನ್ನು ಆಹಾರದಲ್ಲಿ ಬೆರೆಸುವುದನ್ನು ಅಮೆರಿಕ ದೇಶ 1968ರಲ್ಲಿಯೇ ನಿಷೇಧಿಸಿತು. ಜೇನುತುಪ್ಪ ವರ್ಷದೊಳಗಿನ ಕೂಸಿಗೆ ಅಪಾಯಕರವಾಗಬಹುದೆಂದು ವೈದ್ಯರು ಕಂಡುಕೊಂಡದ್ದು 1976ರ ಈಚೆಗೆ. ಒಳಗಿನ ದ್ರವ್ಯವನ್ನು ಬಿಡಬೇಕಾಗಿ ಬಂದಾಗಲೂ ಮಾತಿನ ರೂಪವನ್ನು ಬಿಡಬೇಕೇ ಎಂಬುದು ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಬಾಂಗ್ಲಾದೇಶದಿಂದ ಬಂದಿದೆ. 1971ರಲ್ಲಿ, ಬಂಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಡಾಕ್ಟರ್ ದಿಲೀಪ ಮಹಲನಬೀಸರು ವಾಂತಿಭೇದಿಗೆ ಉಪ್ಪು ಸಕ್ಕರೆ ಬೆರೆತ ನೀರನ್ನು ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು. ಅದನ್ನು ಓದುಬರಹವಿಲ್ಲದ ತಾಯಂದಿರಿಗೆ ಮುಟ್ಟಿಸುವ ಕೆಲಸವನ್ನು 1980ರಿಂದ ಹತ್ತು ವರ್ಷ ಬ್ರಾಕ್ ಸಂಸ್ಥೆ ಕೈಗೊಂಡಿತು. ಅದು ಪುಸ್ತಕ ಹಂಚಲಿಲ್ಲ. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು, ಇಷ್ಟೇ ಪಾಠ. ನೀರಿನ ಮಟ್ಟವನ್ನು ಆ ತಾಯಿಯ ಮನೆಯ ಪಾತ್ರೆಯ ಮೇಲೆಯೇ ಗುರುತು ಮಾಡಿಕೊಟ್ಟರು. ಕಾರ್ಯಕರ್ತೆ ಹೇಳಿಹೋದ ಮೇಲೆ ಬೇರೊಬ್ಬರು ಬಂದು ತಾಯಿಗೆ ಎಷ್ಟು ನೆನಪಿದೆಯೆಂದು ಕೇಳುತ್ತಿದ್ದರು. ಕಾರ್ಯಕರ್ತೆಯ ಸಂಬಳ ತನ್ನ ಮಾತಿನ ಮೇಲಲ್ಲ, ತಾಯಿಯ ನೆನಪಿನ ಮೇಲೆ ನಿರ್ಧಾರವಾಗುತ್ತಿತ್ತು. ಸುಮಾರು 1 ಕೋಟಿ 20 ಲಕ್ಷ ಮನೆಗಳಿಗೆ ಹೀಗೆ ಪಾಠ ಮುಟ್ಟಿತು. ಮೊದಮೊದಲು ಕಲಿತವರಲ್ಲಿ ಬಳಸಿದವರು ಕಡಮೆ. ವಿಚಾರಿಸಿದಾಗ, ಹೇಳಿಕೊಡುವ ಕಾರ್ಯಕರ್ತೆಯರಿಗೇ ಅದರಲ್ಲಿ ಪೂರ್ತಿ ನಂಬಿಕೆ ಇರಲಿಲ್ಲವೆಂಬುದು ಗೊತ್ತಾಯಿತು. ಹೇಳುವವಳು ತಾನು ಮಾಡದುದನ್ನು ಹೇಳಿದರೆ ಕೇಳುವವಳಿಗೆ ಅದು ಕೂಡಲೇ ತಿಳಿಯುತ್ತದೆ. ಚಿಟಿಕೆ, ಹಿಡಿ, ಸೇರು ಎಂಬ ಅಜ್ಜಿಯರ ಅಳತೆಗಳೊಳಗೆ ಹೊಸ ಜ್ಞಾನ ಸಲೀಸಾಗಿ ಕುಳಿತುಕೊಂಡಿತು. ಆದರೆ ಅಜ್ಜಿಯ ತಿದ್ದುವ ಕಣ್ಣಿನ ಸ್ಥಾನವನ್ನು ಪರೀಕ್ಷಕನೊಬ್ಬನು ವಹಿಸಬೇಕಾಯಿತು.

ಇನ್ನು ಈ ಗದ್ಯದ ವ್ಯಾಕರಣ. ತಾಯಂದಿರ ಹಿತೋಕ್ತಿಯಲ್ಲಿ ‘ಮಾಡು’ ಎಂಬ ನೇರ ವಿಧಿರೂಪ ಅಷ್ಟಾಗಿ ಬರುವುದಿಲ್ಲ. ನೆರೆಮನೆಯ ಸಮವಯಸ್ಕಳು ‘ನಮ್ಮ ದೊಡ್ಡವನಿಗೂ ಹೀಗೇ ಆಗಿತ್ತು ಕಣೇ, ಆಗ ಇದನ್ನು ಮಾಡಿದೆ’ ಎನ್ನುತ್ತಾಳೆ. ಇದು ಭೂತಕಾಲ, ಉತ್ತಮಪುರುಷ, ಸಾಕ್ಷಿ ಹೇಳಿದಂತೆ. ‘ಆಮೇಲೆ ಏನಾಯಿತು?’ ಎಂದು ಕೇಳಲು ಇಲ್ಲಿ ಎಡೆಯುಂಟು. ಮನೆಯ ಹಿರಿಯಳು ‘ಮೂರು ತಿಂಗಳವರೆಗೆ ಹೊರಗೆ ಕರೆದೊಯ್ಯುವುದಿಲ್ಲ’ ಎನ್ನುವಾಗ ಕ್ರಿಯಾಪದಕ್ಕೆ ಕರ್ತೃವೇ ಇಲ್ಲ. ಯಾರು ಕರೆದೊಯ್ಯುವುದಿಲ್ಲ, ಯಾವ ಊರಿನವರು ಎಂದು ಕೇಳಿದರೆ ಉದ್ಧಟತನವಾಗುತ್ತದೆ. ಕೊನೆಗೆ ಬರುವುದು ‘ಬಾರದು’, ‘ಕೂಡದು’. ಬರಿದೊಟ್ಟಿಲು ತೂಗಬಾರದು, ತೂಗಿದರೆ ಮಗುವಿಗೆ ಹೊಟ್ಟೆನೋವು. ಇಲ್ಲಿ ಕಾರಣವನ್ನು ಹೇಳಿದಂತೆ ಮಾಡಿ ಪ್ರಶ್ನೆಯ ಬಾಗಿಲನ್ನು ಹಾಕಿಬಿಡುವರು. ಒಂದೇ ಹಿತೋಕ್ತಿ ಅನುಭವವಾಗಿ ಹುಟ್ಟಿ, ರೂಢಿಯಾಗಿ ಬೆಳೆದು, ನಿಷೇಧವಾಗಿ ಗಟ್ಟಿಗೊಳ್ಳುವುದನ್ನು ಈ ಕ್ರಿಯಾರೂಪಗಳಲ್ಲಿಯೇ ಕಾಣಬಹುದು. ಗಟ್ಟಿಯಾದಷ್ಟೂ ಅದನ್ನು ತಿದ್ದುವುದು ಕಷ್ಟ.

ಬರಿದೊಟ್ಟಿಲಿನ ನಿಷೇಧದಿಂದ ಯಾರಿಗೂ ಕೇಡಿಲ್ಲ. ಬಾಣಂತಿಯ ಪಥ್ಯದ ವಿಷಯ ಹಾಗಲ್ಲ. ಹೆತ್ತವಳಿಗೆ ಸೊಪ್ಪು ಬೇಡ, ಕಾಳು ಬೇಡ, ನೀರು ಮಿತವಾಗಿರಲಿ, ಅನ್ನ ಮಾತ್ರ ಸಾಕು ಎಂಬ ಕಟ್ಟುಪಾಡು ಕೆಲವು ಕಡೆಗಳಲ್ಲಿ ಬಲವಾಗಿದೆ. ಅಕ್ಕಿ ಮನೆಯಲ್ಲಿ ಕುಟ್ಟಿದುದಾಗಿದ್ದ ಕಾಲದಲ್ಲಿ ಇದರ ಕೆಡುಕು ಅಷ್ಟು ಕಾಣದಿದ್ದಿರಬಹುದು. ಗಿರಣಿಯಲ್ಲಿ ಪಾಲಿಶ್ ಮಾಡಿದ ಬಿಳಿಯ ಅಕ್ಕಿ ಬಂದ ಮೇಲೆ ಪಥ್ಯ ಹಾಗೆಯೇ ಉಳಿದು ಅದರ ಒಳಗಿನ ಅನ್ನ ಬದಲಾಯಿತು. ಕರ್ನಾಟಕದಲ್ಲಿ ಇತ್ತೀಚಿನ ವರ್ಷಗಳಲ್ಲಿಯೂ, ತಾಯಿಯ ಹಾಲನ್ನು ಮಾತ್ರ ಕುಡಿಯುತ್ತಿದ್ದ ಎಳೆಯ ಶಿಶುಗಳು ಏಕಾಏಕಿ ಉಸಿರುಕಟ್ಟಿ, ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿದುದನ್ನು ವೈದ್ಯರು ವರದಿಮಾಡಿದ್ದಾರೆ. ಮೂಲ, ಪಥ್ಯದಲ್ಲಿದ್ದ ತಾಯಿಯ ಹಾಲಿನಲ್ಲಿ ಥಯಾಮಿನ್ ಎಂಬ ಜೀವಸತ್ವದ ಕೊರತೆ. ಅದನ್ನು ಕೊಟ್ಟೊಡನೆ ಶಿಶುಗಳು ಬೇಗನೆ ಚೇತರಿಸಿಕೊಂಡವು. ಆ ತಾಯಿಗೆ ಹಸಿವಾಗಿರಲಿಲ್ಲವೇ? ಕೈಕಾಲು ಜೋಮು ಹಿಡಿದಿರಲಿಲ್ಲವೇ? ಅವಳು ಹೇಳಿದ್ದರೂ ‘ಬಾಣಂತಿಗೆ ಅದೆಲ್ಲ ಇದ್ದದ್ದೇ’ ಎಂದಾಗಿರಬೇಕು. ಉತ್ತರ ಕೇಳಿಸಿಕೊಳ್ಳದ ಉಪದೇಶ ಶಿಶುವಿನ ಉಸಿರಿನವರೆಗೆ ಹೋಗಬಲ್ಲುದು.

ಹಳೆಯದೆಲ್ಲ ಮೂಢನಂಬಿಕೆ ಎನ್ನುವವರಿಗೂ ಹಳೆಯದರಲ್ಲೆಲ್ಲ ವಿಜ್ಞಾನ ಅಡಗಿದೆ ಎನ್ನುವವರಿಗೂ ಈ ಸಂಗತಿ ಸರಿಹೊಂದುವುದಿಲ್ಲ. ಎರಡನೆಯ ಪಂಗಡ ಇಂದು ಹೆಚ್ಚು ಗದ್ದಲ ಮಾಡುತ್ತಿದೆಯಾದುದರಿಂದ ಒಂದು ಮಾತು ಹೇಳಬೇಕು. ಪ್ರತಿಯೊಂದು ಆಚಾರಕ್ಕೂ ಗುಪ್ತಕಾರಣ ಹುಡುಕುವವರು ಅಜ್ಜಿಯನ್ನು ಗೌರವಿಸಿದಂತೆ ತೋರಿದರೂ ಅವಳ ನಿಜವಾದ ಗುಣವನ್ನು ಕಸಿದುಕೊಳ್ಳುತ್ತಾರೆ. ಅವಳು ತಪ್ಪಿ, ತಿದ್ದಿಕೊಂಡು, ಮತ್ತೆ ನೋಡಿ ಕಲಿತವಳು, ಸರ್ವಜ್ಞೆಯಲ್ಲ.

ಅಚ್ಚಿಗೆ ಬಂದಾಗ ಈ ಮಾತಿಗೆ ಏನಾಯಿತೆಂಬುದು ಬೇರೊಂದು ಅಧ್ಯಾಯ. ನಂಜನಗೂಡು ತಿರುಮಲಾಂಬಾ ಅವರ ‘ಕರ್ನಾಟಕ ನಂದಿನಿ’, ಆರ್. ಕಲ್ಯಾಣಮ್ಮನವರು 1921ರಲ್ಲಿ ಆರಂಭಿಸಿದ ‘ಸರಸ್ವತಿ’, ಇವು ಹೆಂಗಸರೇ ನಡೆಸಿದ ಪತ್ರಿಕೆಗಳು. ಮುಂದೆ ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನರು ಆರೋಗ್ಯವಿಷಯದ ತಮ್ಮ ಪುಸ್ತಕಗಳಿಗೆ ‘ತಾಯಿ–ಮಗು’, ‘ವಧುವಿಗೆ ಕಿವಿಮಾತು’, ‘ಕೇಳು ಕಿಶೋರಿ’ ಎಂದು ಹೆಸರಿಟ್ಟರು. ಮುದ್ರಿತ ಪುಟವೂ ಕಿವಿಯ ಬಳಿ ಬಾಯಿಟ್ಟಂತೆ ಇರಬೇಕೆಂದು ಅವರಿಗೆ ತಿಳಿದಿತ್ತು. ಈ ವಿಷಯದಲ್ಲಿ ಅವರಷ್ಟು ಸೂಕ್ಷ್ಮವಾದ ಕಿವಿ ಅವರ ಅನುಕರಣಕಾರರಿಗೆ ಇರಲಿಲ್ಲ.

ಆ ಕಿವಿ ಜಾಹೀರಾತಿನವರಿಗೂ ಇತ್ತೆಂಬುದು ವಿಷಾದದ ಸಂಗತಿ. ಮಗು ಅಳುತ್ತದೆ, ಅಜ್ಜಿ ತನ್ನ ಮಗಳಿಗೆ, ನಿನಗೂ ಇದನ್ನೇ ಕೊಟ್ಟಿದ್ದೆನೆಂದು ಗ್ರೈಪ್ ವಾಟರಿನ ಸೀಸೆಯನ್ನು ಸೂಚಿಸುತ್ತಾಳೆ. ಈ ಚಿತ್ರವನ್ನು ಹಿಂದಿನ ತಲೆಮಾರಿನ ದೂರದರ್ಶನ ಪ್ರೇಕ್ಷಕರೆಲ್ಲ ಬಲ್ಲರು. ತರ್ಕದೃಷ್ಟಿಯಿಂದ ಆ ವಾಕ್ಯವನ್ನು ನೋಡಬೇಕು. ‘ನಿನಗೂ ಕೊಟ್ಟಿದ್ದೆ’ ಎಂಬುದನ್ನು ಬದುಕಿ ಬೆಳೆದ ಮಗಳಿಗೆ ಮಾತ್ರ ಹೇಳಲು ಸಾಧ್ಯ. ಭಾರತದಲ್ಲಿ 1971ರಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 129 ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2020ರ ವೇಳೆಗೆ ಅದು 28ಕ್ಕೆ ಇಳಿದಿತ್ತು. ಹಳೆಯ ಮನೆಗಳ ಅಜ್ಜಿಯರ ಎಣಿಕೆಯಲ್ಲಿ ‘ಹುಟ್ಟಿದ್ದು ಎಂಟು, ಉಳಿದದ್ದು ಐದು’ ಎಂಬಂಥ ಮಾತು ಸಾಮಾನ್ಯವಾಗಿತ್ತು. ಆ ಮೂವರಿಗೆ ಏನು ಕೊಟ್ಟಿದ್ದಳೆಂಬುದು ಹಿತೋಕ್ತಿಯಲ್ಲಿ ಬರುವುದಿಲ್ಲ. ಶಿಶುಗಳ ಹಾಲುಪುಡಿಯ ಜಾಹೀರಾತನ್ನು ಸರ್ಕಾರ 1992ರ ಕಾಯಿದೆಯಿಂದ ನಿಷೇಧಿಸಿ 2003ರಲ್ಲಿ ಇನ್ನೂ ಬಿಗಿಮಾಡಿತು. ಎರವಲು ಪಡೆದ ಅಜ್ಜಿಯ ದನಿಗೆ ಕಾಯಿದೆ ಮಾಡುವುದು ಸುಲಭವಲ್ಲ.

ಹೊರನಾಡಿನ ಕನ್ನಡತಿಯ ಸ್ಥಿತಿ ಈ ವಿಚಾರಕ್ಕೆ ಒಳ್ಳೆಯ ಒರೆಗಲ್ಲು. ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋದವಳು ಮೂರನೆಯ ಅಥವಾ ಐದನೆಯ ತಿಂಗಳಲ್ಲಿ ಕೂಸಿನೊಂದಿಗೆ ಮುಂಬಯಿಗೋ ದಿಲ್ಲಿಗೋ ಮರಳುತ್ತಾಳೆ. ಗಂಟಿನಲ್ಲಿ ಬೇರು ಬಂದಿರುತ್ತದೆ, ತಿದ್ದುವ ಕಣ್ಣು ಧಾರವಾಡದಲ್ಲೋ ಉಡುಪಿಯಲ್ಲೋ ಉಳಿದಿರುತ್ತದೆ. ಆಗ ಮೆಟ್ಟಿಲ ಬಳಿ ಸಿಕ್ಕುವ ಮರಾಠಿ, ಗುಜರಾತಿ, ತಮಿಳು ತಾಯಂದಿರು ಅವಳ ಸಭೆಯಾಗುತ್ತಾರೆ. ತನ್ನ ಮನೆಯ ‘ಕೂಡದು’ ಪಕ್ಕದ ಮನೆಯ ‘ಕೊಡಲೇಬೇಕು’ ಆಗಿರುವುದನ್ನು ಅವಳು ಮೊದಲ ಬಾರಿಗೆ ಕಾಣುತ್ತಾಳೆ. ಅಳವಿಯ ಪಾಯಸವನ್ನು ಮರಾಠಿಯವಳೂ ಅಳೀವ್ ಎಂದು ಹೊಗಳುವಾಗ ಒಂದು ಒಪ್ಪಿಗೆ ಹುಟ್ಟುತ್ತದೆ. ಸೊಪ್ಪಿನ ವಿಷಯದಲ್ಲಿ ಜಗಳ ಹುಟ್ಟುತ್ತದೆ. ಯಾರಿಗೂ ಯಾರ ಮೇಲೆಯೂ ಅತ್ತೆಯ ಅಧಿಕಾರವಿಲ್ಲದುದರಿಂದ ಇಲ್ಲಿ ಮಾತು ಬಹುಮಟ್ಟಿಗೆ ಭೂತಕಾಲಕ್ಕೆ, ಸಾಕ್ಷಿಯ ರೂಪಕ್ಕೆ, ಹಿಂತಿರುಗುತ್ತದೆ. ಇದು ಲಾಭ. ಆದರೆ ಈ ಸಭೆಯಲ್ಲಿ ಒಬ್ಬೊಬ್ಬಳ ಅನುಭವವೂ ಒಂದೆರಡು ಮಕ್ಕಳದು. ನೂರು ಕೂಸುಗಳ ನೆತ್ತಿಯನ್ನು ಮುಟ್ಟಿ ನೋಡಿ, ಅದು ಗುಳಿಬಿದ್ದಾಗ ಗಾಬರಿಯಾಗಬೇಕೆಂದು ಬಲ್ಲ ಸೂಲಗಿತ್ತಿಯ ಕೈ ಇಲ್ಲಿಲ್ಲ. ‘ರಚ್ಚೆ’ಗೂ ‘ಕಿರಿಕಿರಿ’ಗೂ, ‘ಸಪ್ಪಗಿರುವುದಕ್ಕೂ’ ‘ಸುಸ್ತಾಗಿರುವುದಕ್ಕೂ’ ಇರುವ ವ್ಯತ್ಯಾಸ ಕಂಡ ಕಣ್ಣು ಆ ಶಬ್ದಗಳೊಂದಿಗೇ ಮಸುಕಾಗುತ್ತದೆ. ವೈದ್ಯನ ಮುಂದೆ ಇಂಗ್ಲಿಷಿನಲ್ಲಿ ಅವೆಲ್ಲಕ್ಕೂ ಒಂದೇ ಶಬ್ದವಾಗಿಬಿಡುವುದುಂಟು.

ಈ ಗದ್ಯವನ್ನು ಸಂಗ್ರಹಿಸುವವರು ಮದ್ದಿನ ಹೆಸರಿಗೆ ನಿಲ್ಲದೆ ಯಾರು ಯಾರಿಗೆ ಹೇಳಿದರು, ಕೂಸಿಗೆ ಆಗ ಎಷ್ಟು ತಿಂಗಳು, ಯಾವ ಕ್ರಿಯಾರೂಪದಲ್ಲಿ ಹೇಳಿದರು, ಕೇಳಿದವಳು ಏನೆಂದಳು, ಮುಂದೆ ಹೇಳಿದವಳು ತನ್ನ ಮಾತನ್ನು ಬದಲಿಸಿದಳೇ ಎಂಬುದನ್ನು ಬರೆದುಕೊಳ್ಳಬೇಕು. ಉಳಿಯದ ಮಕ್ಕಳ ವಿಷಯವನ್ನೂ, ನೋವಾಗದಂತೆ, ಕೇಳಬೇಕು. ಎಂಬತ್ತು ದಾಟಿದ ಕನ್ನಡ ಮುತ್ತಜ್ಜಿಯರು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಹಲವರ ಮನೆಗಳಲ್ಲಿ ತೇಯುವ ಕಲ್ಲೂ ಇದೆ. ಗಂಧ ತೇಯಲು ಮಾತ್ರ ಅದು ಹೊರಬರುತ್ತದೆ.