ನಾಗವಲ್ಲಿ ಹೋದ ಮೇಲೆ ಗಂಗಾ ಯಾರು?

‘ಆಪ್ತಮಿತ್ರ’ ತೆರೆಕಂಡದ್ದು 2004ರಲ್ಲಿ. ಗಂಗಾ ಪಾತ್ರ ಮಾಡಿದ ಸೌಂದರ್ಯ ಅದೇ ವರ್ಷ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಆ ನೋವಿನ ನೆನಪಿನಲ್ಲೇ ನೋಡಿದ್ದರಿಂದಲೋ ಏನೋ, ನಾವು ಈ ಚಿತ್ರವನ್ನು ಪ್ರೀತಿಸಿದಷ್ಟು ಪ್ರಶ್ನಿಸಲಿಲ್ಲ. ತನ್ನ ಗುರುತನ್ನೇ ಕಳೆದುಕೊಳ್ಳುವ ಕಾಯಿಲೆಯೊಂದನ್ನು ಕನ್ನಡಿಗರ ಮನೆಮಾತಾಗಿಸಿದ ಸಿನಿಮಾ ಇದು. ಹಾಗಾಗಿ ಅದು ಏನು ಕಲಿಸಿತು, ಏನು ಕಲಿಸದೆ ಬಿಟ್ಟಿತು ಎಂದು ಕೇಳಲೇಬೇಕು.

ಮೊದಲು ಅದರ ಹಿರಿಮೆ. ಹಳೆಯ ಬಂಗಲೆ, ಬೀಗ ಜಡಿದ ಕೋಣೆ, ರಾತ್ರಿಯ ಗೆಜ್ಜೆ ಸದ್ದು ಎಲ್ಲವೂ ದೆವ್ವದ ಕಥೆಯ ಸಾಮಗ್ರಿ. ಆದರೆ ನಿರ್ದೇಶಕ ಪಿ. ವಾಸು ಕೊನೆಗೆ ಬೊಟ್ಟು ಮಾಡುವುದು ಗಂಗಾಳ ಕಾಯಿಲೆಯ ಕಡೆಗೆ. ವಿಷ್ಣುವರ್ಧನ್ ಅವರ ಡಾಕ್ಟರ್ ವಿಜಯ್ ಮಂತ್ರವಾದಿಯನ್ನು ಹೀಯಾಳಿಸುವುದಿಲ್ಲ. ಅವಿನಾಶ್ ಮಾಡಿದ ಆಚಾರ್ಯರನ್ನು ಜೊತೆಗೆ ಸೇರಿಸಿಕೊಳ್ಳುತ್ತಾನೆ. ಸಂಕಟ ಬಂದಾಗ ಮೊದಲು ದೇವಸ್ಥಾನದ ಮೆಟ್ಟಿಲು ಹತ್ತುವ ಸಮಾಜದಲ್ಲಿ ಇದು ಜಾಣತನದ, ಮಾನವೀಯ ನಡೆ. ಚಿತ್ರದ ಇನ್ನೊಂದು ಒಳನೋಟವೂ ದೊಡ್ಡದು: ಗಂಗಾಳೊಳಗೆ ತಲೆಯೆತ್ತುವ, ರಾಜನ ಕ್ರೌರ್ಯಕ್ಕೆ ತುತ್ತಾದ ನರ್ತಕಿ ನಾಗವಲ್ಲಿಯನ್ನು ಹೊಡೆದೋಡಿಸುವುದಿಲ್ಲ, ಅವಳ ಸೇಡಿಗೆ ದಾರಿ ಮಾಡಿಕೊಡುತ್ತಾರೆ. ಆ ಇನ್ನೊಬ್ಬಳಿಗೂ ಹೇಳಿಕೊಳ್ಳಲು ದುಃಖವಿದೆ ಎಂದು ಒಪ್ಪಿಕೊಂಡ ಹಾಗೆ ಅದು.

ಗಂಗಾಳನ್ನು ಕಾಡುವಂಥ, ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ ಎಂದು ವೈದ್ಯರು ಕರೆಯುವ ಸ್ಥಿತಿಯಲ್ಲಿ ಒಬ್ಬರೊಳಗೇ ಬೇರೆ ಬೇರೆ ಗುರುತುಗಳು ತಲೆಯೆತ್ತುತ್ತವೆ. ನಡುನಡುವೆ ನೆನಪು ಕಡಿದುಹೋಗುತ್ತದೆ. ಬಹುತೇಕರ ಬದುಕಿನಲ್ಲಿ ಇದರ ಹಿಂದೆ ಎಳವೆಯಲ್ಲಿ ಮತ್ತೆ ಮತ್ತೆ ಅನುಭವಿಸಿದ ಹಿಂಸೆ ಅಥವಾ ತಿರಸ್ಕಾರ ಇರುತ್ತದೆ. ನಮ್ಮ ದೇಶದಲ್ಲಿ ಇಂಥ ವಿಘಟನೆ ಅನೇಕ ಸಲ ‘ಮೈಮೇಲೆ ಬರುವ’ ರೂಪ ತಾಳುತ್ತದೆ. ಹಾಗೆಂದು ಮೈಮೇಲೆ ಬರುವುದೆಲ್ಲ ರೋಗವಲ್ಲ. ಜನ ಒಪ್ಪಿದ ಆಚರಣೆಯೊಳಗೆ ನಡೆಯುವ ಆವೇಶವನ್ನು ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯೂ ಕಾಯಿಲೆಯೆಂದು ಎಣಿಸುವುದಿಲ್ಲ. ತಾನಾಗಿ ಬಯಸದೆ ಬಂದು, ಬದುಕನ್ನೇ ಹದಗೆಡಿಸಿದಾಗ ಮಾತ್ರ ಅದು ಚಿಕಿತ್ಸೆ ಬೇಡುತ್ತದೆ.

ಚಿತ್ರ ಎಡವುವುದು ಇಲ್ಲಿಂದ ಮುಂದೆ. ಮೂಲವಾದ ಫಾಜಿಲ್ ಅವರ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’ (1993) ಗಂಗಾಳ ಬಾಲ್ಯದ ಒಂಟಿತನವನ್ನು, ಅಪ್ಪ ಅಮ್ಮನಿಂದ ದೂರವಾಗಿ ಅಜ್ಜಿಯ ಬಳಿ ಬೆಳೆದ ಮಗುವಿನ ತಳಮಳವನ್ನು ಕಥೆಯ ಬೇರಾಗಿಸಿತ್ತು. ಕನ್ನಡದಲ್ಲಿ ಆ ಎಳೆ ತೆಳುವಾಗಿ, ರಾಜನ ಕ್ರೌರ್ಯ ಮತ್ತು ನರ್ತಕಿಯ ಸೇಡಿನ ವೈಭವ ಮುಂದೆ ಬಂದಿದೆ. ಪೇಟೆಗೆ ಹೋಗಬೇಕೆಂದು ಆಸೆಪಟ್ಟವಳನ್ನು ಗಂಡ ತಡೆಯುವ, ಅವಳು ಮಂಚವನ್ನೇ ಎತ್ತುವ ದೃಶ್ಯದಲ್ಲಿ ಸೌಂದರ್ಯ ಅಸಾಮಾನ್ಯರು. ಆದರೆ ಕಾಯಿಲೆ ಗಂಡನ ಕಣ್ಣಿಗೆ ಬೀಳಲೆಂದು ಅವಳನ್ನು ಬೇಕೆಂದೇ ಕೆರಳಿಸಲಾಗುತ್ತದೆ. ರೋಗಿಯ ಒಪ್ಪಿಗೆಯ ಮಾತೇ ಇಲ್ಲ. ಕೊಲ್ಲಲು ಹೊರಟವಳಾಗಿಯೇ ಅವಳು ನಮ್ಮ ನೆನಪಿನಲ್ಲಿ ಉಳಿದಳು. ವಾಸ್ತವದಲ್ಲಿ ಈ ಕಾಯಿಲೆಯವರು ಇತರರಿಗಿಂತ ತಮಗೇ ಹಾನಿ ಮಾಡಿಕೊಳ್ಳುವ ಅಪಾಯ ದೊಡ್ಡದು. ಅನೇಕರು ವರ್ಷಗಟ್ಟಲೆ ಯಾರಿಗೂ ತಿಳಿಯದಂತೆ ಮುಚ್ಚಿಟ್ಟುಕೊಂಡು ಬದುಕುತ್ತಾರೆ. ಚಿಕಿತ್ಸೆಯೂ ಒಂದು ರಾತ್ರಿಯ ನಾಟಕವಲ್ಲ. ಮೊದಲು ಸುರಕ್ಷಿತ ಭಾವ, ಆಮೇಲೆ ನೋವಿನ ನೆನಪುಗಳನ್ನು ನಿಧಾನವಾಗಿ ಎದುರಿಸುವುದು, ಕೊನೆಗೆ ಚೂರಾದ ಬದುಕನ್ನು ಹೊಂದಿಸಿಕೊಳ್ಳುವುದು. ಎಲ್ಲಕ್ಕೂ ವರ್ಷಗಳು ಹಿಡಿಯುತ್ತವೆ.

ಇದಕ್ಕಿಂತ ದೊಡ್ಡ ಕೊರತೆ ಕೊನೆಯಲ್ಲಿದೆ. ನಾಗವಲ್ಲಿ ಹೋಗುತ್ತಾಳೆ, ಗಂಗಾ ಕಣ್ಣು ತೆರೆಯುತ್ತಾಳೆ, ಮನೆಮಂದಿ ನಗುತ್ತಾರೆ. ತನ್ನ ಕೈಯಿಂದ ಏನೆಲ್ಲ ನಡೆಯಿತೆಂದು ತಿಳಿದ ಮೇಲೆ ಆ ಹೆಂಗಸಿನ ಒಳಗೇನಾಯಿತು? ಅದೇ ಮನೆಯವರು ಅವಳ ಕೈಯಲ್ಲಿ ಚಾಕು ಕಂಡರೆ ಮೊದಲಿನಂತೆ ಸುಮ್ಮನಿರುತ್ತಾರೆಯೇ? ಚಿತ್ರಕ್ಕೆ ಈ ಪ್ರಶ್ನೆಗಳು ಏಳುವುದೇ ಇಲ್ಲ.

ಕನ್ನಡ ಸಿನಿಮಾ ಈ ಪ್ರಶ್ನೆಯನ್ನು ಮೂರು ದಶಕಕ್ಕೂ ಮೊದಲೇ ಕೇಳಿತ್ತು. ತ್ರಿವೇಣಿಯವರ ಕಾದಂಬರಿ ಆಧರಿಸಿ ಪುಟ್ಟಣ್ಣ ಕಣಗಾಲ್ 1970ರ ದಶಕದ ಆರಂಭದಲ್ಲಿ ತೆಗೆದ ‘ಶರಪಂಜರ’ದ ಕಾವೇರಿಯದು ಬೇರೆ ಕಾಯಿಲೆ, ಬಾಣಂತನದ ಹೊತ್ತಿಗೆ ಉಲ್ಬಣಿಸಿದ್ದು. ಆದರೆ ಆ ಕಥೆಯ ನಿಜವಾದ ಸಂಕಟ ಶುರುವಾಗುವುದೇ ಅವಳು ಗುಣವಾಗಿ ಮನೆಗೆ ಬಂದ ಮೇಲೆ. ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಹೆಂಡತಿ, ತಾಯಿ ಎಂಬ ಗುರುತುಗಳೆಲ್ಲ ಅಳಿಸಿ, ನೆರೆಹೊರೆಗೂ ನೆಂಟರಿಗೂ ಅವಳು ಬರೀ ‘ಹುಚ್ಚಿ’. ಗಂಡನ ದ್ರೋಹ ಗೊತ್ತಾದಾಗ ಕುಸಿದುಬೀಳುವ ಕಲ್ಪನಾ ಅವರ ಕಾವೇರಿ ನಮ್ಮನ್ನೇ ಆರೋಪಿಯ ಸ್ಥಾನದಲ್ಲಿ ನಿಲ್ಲಿಸುತ್ತಾಳೆ. ಕಾಯಿಲೆ ಕಸಿದ ಗುರುತನ್ನು ವೈದ್ಯರು ಮರಳಿಸಿದ್ದರು. ಅದನ್ನು ಎರಡನೇ ಸಲ ಕಸಿದದ್ದು ಮನೆ ಮತ್ತು ಬೀದಿ.

‘ಆಪ್ತಮಿತ್ರ’ದ ಮುಂದುವರಿಕೆಯಾಗಿ 2010ರಲ್ಲಿ ಬಂದ ‘ಆಪ್ತರಕ್ಷಕ’ ಅತಿಮಾನುಷದ ಕಡೆಗೇ ವಾಲಿತು. ಮೊದಲ ಚಿತ್ರ ದೆವ್ವದಿಂದ ಬಿಡಿಸಿದ ಕಾಯಿಲೆಯನ್ನು ಮತ್ತೆ ದೆವ್ವದ ನೆರಳಿಗೇ ಒಯ್ದದ್ದು ನಿಜವಾದ ನಷ್ಟ. ಇದೇ ವಸ್ತುವನ್ನು ಮುಂದೆ ಕೈಗೆತ್ತಿಕೊಳ್ಳುವ ನಿರ್ದೇಶಕರು ವಾಸು ಅವರಿಂದ ಜನರನ್ನು ಹಿಡಿದಿಡುವ ಕಲೆಯನ್ನು ಕಲಿಯಲಿ. ಆದರೆ ಕಥೆಯನ್ನು ಪುಟ್ಟಣ್ಣನವರಂತೆ ರೋಗಿ ಗುಣವಾದ ಮರುದಿನದಿಂದ ಆರಂಭಿಸಲಿ. ಡಾಕ್ಟರ ಗೆಲುವಿನ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಗಂಗಾ ತಾನೇ ಬಾಯಿಬಿಟ್ಟು ಹೇಳುವ ಕಥೆ ಇನ್ನೂ ಬರಬೇಕಾಗಿದೆ.