ಕೈಸನ್ನೆ ಮತ್ತು ಬೇಡಿ: ಅಪೊಸ್ತಲರ ಕೃತ್ಯಗಳ ಒಂದು ಓದು

ಪ್ರಸಂಗಶಾಸ್ತ್ರದ ತರಗತಿಯಲ್ಲಿ ನಾವು ಒಬ್ಬೊಬ್ಬರಾಗಿ ಎದ್ದು ಪ್ರಸಂಗ ಮಾಡುವಾಗ ಉಳಿದವರ ಮುಂದೆ ಒಂದು ಅಂಕಪಟ್ಟಿ ಇರುತ್ತಿತ್ತು. ವಾಕ್ಯಭಾಗದ ವಿವರಣೆ, ಧ್ವನಿ, ಸಮಯಪಾಲನೆ ಇವುಗಳ ಜೊತೆಗೆ ‘ಹಾವಭಾವ’ ಎಂಬ ಅಂಕಣವೂ ಅದರಲ್ಲಿತ್ತು. ಕೈ ಆಡಿಸದವನಿಗೆ ಅಲ್ಲಿ ಅಂಕ ಕಡಿಮೆ. ಅತಿಯಾಗಿ ಆಡಿಸಿದವನಿಗೂ ಕಡಿಮೆ. ಆ ಕೈ ಯಾರ ಕಡೆಗೆ, ಏತಕ್ಕಾಗಿ ಮೇಲೆದ್ದಿತು ಎಂಬ ಪ್ರಶ್ನೆಗೆ ಪಟ್ಟಿಯಲ್ಲಿ ಸ್ಥಳವಿರಲಿಲ್ಲ. ಅದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಅಪೊಸ್ತಲರ ಕೃತ್ಯಗಳನ್ನು ಓದಿದಾಗ, ಲೂಕನು ಅದನ್ನು ನಮಗಿಂತ ಹೆಚ್ಚು ಗಂಭೀರವಾಗಿ ಎಣಿಸಿದ್ದನೆಂದು ನನಗೆ ತೋರಿತು.

ಆ ಅಂಕಣದ ವಂಶಾವಳಿ ಉದ್ದವಾದದ್ದು. ಒಂದನೆಯ ಶತಮಾನದ ಕೊನೆಗೆ ರೋಮಿನ ವಾಗ್ಮಿತೆಯ ಗುರು ಕ್ವಿಂಟಿಲಿಯನ್ ತನ್ನ ಗ್ರಂಥದ 11ನೆಯ ಭಾಗದಲ್ಲಿ ಬೆರಳುಗಳ ಮಡಿಕೆಯನ್ನು ಸಹ ಬಿಡದೆ ವಿವರಿಸಿದನು: ಕೈ ಕಣ್ಣಿಗಿಂತ ಮೇಲೇರಬಾರದು, ಎದೆಗಿಂತ ಕೆಳಗಿಳಿಯಬಾರದು, ಎಡಗೈ ಒಂಟಿಯಾಗಿ ಚಲಿಸಬಾರದು. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಪರ್ಜನ್ ಅವರು ಲಂಡನ್ನಿನ ತಮ್ಮ ವಿದ್ಯಾರ್ಥಿಗಳಿಗೆ ಪ್ರಸಂಗಿಯ ನಿಲುವು ಮತ್ತು ಹಾವಭಾವಗಳ ಕುರಿತು ಎರಡು ಉಪನ್ಯಾಸಗಳನ್ನೇ ಕೊಟ್ಟರು. ಅಚ್ಚಾದ ಪುಸ್ತಕದಲ್ಲಿ ಅವುಗಳಿಗೆ ಚಿತ್ರಗಳೂ ಇವೆ. ಪ್ರಸಂಗಿಯನ್ನು ಪೀಪಾಯಿಯೊಳಗೆ ನಿಲ್ಲಿಸಿದಂತೆ ಕಾಣಿಸುವ ಪ್ರಸಂಗಪೀಠಗಳ ಮೇಲೆ ಅವರಿಗಿದ್ದ ಸಿಟ್ಟು ನ್ಯಾಯವಾದದ್ದೇ. ಆದರೂ ಅಲ್ಲಿ ಪ್ರಧಾನವಾಗಿರುವುದು ಪ್ರಸಂಗಿಯು ನಗೆಪಾಟಲಾಗಬಾರದೆಂಬ ಕಾಳಜಿ. ನೋಡುವವರ ಕಣ್ಣಿಗೆ ದೇಹವು ಹೇಗೆ ಕಾಣುತ್ತದೆ ಎಂಬಲ್ಲಿಗೆ ವಿಚಾರ ನಿಲ್ಲುತ್ತದೆ.

ಲೂಕನ ಬಳಿಗೆ ಬರೋಣ. ಮಾತಿಗೆ ಮುಂಚೆ ಕೈಯನ್ನಾಡಿಸುವ ಕ್ರಿಯೆಗೆ ಅವನು ನಾಲ್ಕು ಕಡೆ ‘ಕತಸೇಯೊ’ ಎಂಬ ಒಂದೇ ಗ್ರೀಕ್ ಕ್ರಿಯಾಪದವನ್ನು ಬಳಸುತ್ತಾನೆ (12:17, 13:16, 19:33, 21:40). ಸುಮ್ಮನಿರಿ ಎಂದು ಕೇಳಿಕೊಳ್ಳುವ ಸನ್ನೆ ಅದು. ಮಾತಿಗೆ ಒತ್ತು ಕೊಡುವುದಕ್ಕಲ್ಲ, ಮಾತಿಗೆ ಜಾಗ ಬೇಡುವುದಕ್ಕೆ. ಬೇಡಿದ್ದು ಯಾವಾಗಲೂ ದೊರೆಯುವುದಿಲ್ಲ. ಎಫೆಸದ ನಾಟಕಶಾಲೆಯಲ್ಲಿ ಅಲೆಕ್ಸಾಂದ್ರನು ಕೈಸನ್ನೆ ಮಾಡಿದಾಗ ಜನರು ಅವನು ಯೆಹೂದ್ಯನೆಂದು ತಿಳಿದು ಎರಡು ತಾಸಿನ ಕಾಲ ಕೂಗಿದರು. ಅವನ ಪ್ರತಿವಾದದ ಒಂದು ಮಾತೂ ನಮಗೆ ಉಳಿದಿಲ್ಲ. ಅಂಕಪಟ್ಟಿಯ ಪ್ರಕಾರ ಅವನ ಸನ್ನೆಯಲ್ಲಿ ತಪ್ಪೇನೂ ಇದ್ದಿರಲಾರದು.

ಉಳಿದ ಕೈಗಳನ್ನು ಗಮನಿಸಿರಿ. ಹನ್ನೆರಡನೆಯ ಅಧ್ಯಾಯದಲ್ಲಿ ಪೇತ್ರನು ಎರಡು ಸರಪಣಿಗಳಿಂದ ಕಟ್ಟಲ್ಪಟ್ಟು ಇಬ್ಬರು ಸಿಪಾಯಿಗಳ ನಡುವೆ ಮಲಗಿದ್ದಾನೆ. ಸರಪಣಿಗಳು ಅವನ ಕೈಗಳಿಂದ ಕಳಚಿಬೀಳುತ್ತವೆ ಎಂದು ಹೇಳುವಾಗ ಲೂಕನು ‘ಕೈ’ ಎಂಬ ಪದವನ್ನು ಬಿಡುವುದಿಲ್ಲ. ಹತ್ತು ವಚನಗಳ ನಂತರ, ಮರಿಯಳ ಮನೆಯಲ್ಲಿ, ಬೆರಗಾದ ವಿಶ್ವಾಸಿಗಳನ್ನು ಸುಮ್ಮನಿರಿಸುವುದು ಅದೇ ಕೈ. ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಕ್ರಮ ತಿರುವುಮುರುವಾಗುತ್ತದೆ. ಅಗಬನು ಪೌಲನ ನಡುಕಟ್ಟಿನಿಂದ ತನ್ನ ಕೈಕಾಲುಗಳನ್ನು ಕಟ್ಟಿಕೊಂಡು ಪ್ರವಾದಿಸುತ್ತಾನೆ. ಸಹಸ್ರಾಧಿಪತಿಯು ಪೌಲನಿಗೆ ಎರಡು ಸರಪಣಿಗಳನ್ನು ಹಾಕಿಸುತ್ತಾನೆ. ಬಳಿಕ ಕೋಟೆಯ ಮೆಟ್ಟಿಲುಗಳ ಮೇಲೆ ನಿಂತು ಪೌಲನು ಜನರಿಗೆ ಕೈಸನ್ನೆ ಮಾಡುತ್ತಾನೆ. ಸಹಸ್ರಾಧಿಪತಿಯು ಅವನನ್ನು ಬಿಚ್ಚಿಸಿದ್ದು ಮರುದಿನ (22:30). ಹಾಗಾದರೆ ಮೆಟ್ಟಿಲ ಮೇಲೆ ಎದ್ದ ಕೈ ಕಟ್ಟಿನಲ್ಲಿದ್ದ ಕೈ. ನಮ್ಮ ಭಾನುವಾರ ಶಾಲೆಯ ಚಿತ್ರಪಟಗಳಲ್ಲಿ ಆ ಸರಪಣಿಯನ್ನು ನಾನು ಕಂಡಿಲ್ಲ.

ಪಿಸಿದ್ಯದ ಅಂತಿಯೋಕ್ಯದ ಸಭಾಮಂದಿರದಲ್ಲಿ (13:16) ಪೌಲನು ಸ್ವತಂತ್ರನೇ. ಆದ್ದರಿಂದ ಇದು ತಪ್ಪದೆ ಪಾಲಿಸಿದ ಸೂತ್ರವೆಂದು ನಾನು ವಾದಿಸುವುದಿಲ್ಲ. ಆದರೆ ಗ್ರಂಥವು ಮುಂದುವರಿದಂತೆ ಕೈ ಮತ್ತು ಬೇಡಿ ಒಂದಕ್ಕೊಂದು ಹತ್ತಿರವಾಗುತ್ತ ಹೋಗುತ್ತವೆ. ಮಿಲೇತದಲ್ಲಿ ಹಿರಿಯರನ್ನು ಬೀಳ್ಕೊಡುವಾಗ ಪೌಲನು ತನ್ನನ್ನೂ ಸಂಗಡಿಗರನ್ನೂ ಸಾಕಿದ ಕೈಗಳ ಮಾತೆತ್ತಿ ‘ಈ’ ಎನ್ನುತ್ತಾನೆ (20:34). ಸನ್ನೆಯ ಹೆಸರಿಲ್ಲ, ಆದರೂ ಕೈಗಳನ್ನು ತೋರಿಸದೆ ಆ ವಾಕ್ಯವನ್ನು ಹೇಳಲಾಗದು.

ಈ ಎಳೆಗಳೆಲ್ಲ ಕೂಡುವುದು ಕೈಸರೈಯದಲ್ಲಿ. ಅಗ್ರಿಪ್ಪನೂ ಬೆರ್ನಿಕೆಯೂ ಮಹಾ ಆಡಂಬರದಿಂದ ಸಭಾಗೃಹಕ್ಕೆ ಬಂದಿದ್ದಾರೆ. ಪೌಲನು ಕೈ ಚಾಚಿ ಪ್ರತಿವಾದಿಸತೊಡಗುತ್ತಾನೆ (26:1). ಇಲ್ಲಿ ಕ್ರಿಯಾಪದ ಬೇರೆ: ‘ಎಕ್ತೇಯ್ನೊ’. ಇದು ನುರಿತ ವಾಗ್ಮಿಯ ಭಂಗಿಯೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಅಪುಲೇಯಸನ ಕಥೆಯಲ್ಲಿ ಒಬ್ಬನು ಕಿರಿಯ ಎರಡು ಬೆರಳುಗಳನ್ನು ಮಡಿಸಿ ಬಲಗೈ ಚಾಚುವ ವರ್ಣನೆಯನ್ನು ಜೊತೆಗಿಟ್ಟು ತೋರಿಸುತ್ತಾರೆ. ಅದು ಸರಿ. ಆದರೆ ಅದೇ ಕ್ರಿಯಾಪದವು ಯೇಸು ಕೈನೀಡಿ ಕುಷ್ಠರೋಗಿಯನ್ನು ಮುಟ್ಟುವಾಗಲೂ (ಲೂಕ 5:13), ಕೈ ಬತ್ತಿದವನು ಆತನ ಆಜ್ಞೆಯಂತೆ ಕೈಚಾಚುವಾಗಲೂ (6:10) ಬಂದಿದೆ. ಮೇಲಾಗಿ, ವಾಗ್ಮಿಯ ಭಂಗಿಯೆಂಬ ವ್ಯಾಖ್ಯಾನವು ಮೊದಲನೆಯ ವಚನದಲ್ಲೇ ತೃಪ್ತಿಪಡುತ್ತದೆ. ಲೂಕನು ಅಲ್ಲಿ ಬೇಡಿಯ ಸುದ್ದಿಯನ್ನೇ ಎತ್ತುವುದಿಲ್ಲ. ಇಪ್ಪತ್ತೊಂಬತ್ತನೆಯ ವಚನದವರೆಗೆ ಅದನ್ನು ಹಿಡಿದಿಡುತ್ತಾನೆ. ಕೇಳುವವರೆಲ್ಲ ತನ್ನಂತಾಗಲಿ ಎಂದು ಹಾರೈಸಿ, ಒಂದನ್ನು ಮಾತ್ರ ಪೌಲನು ಹೊರತುಪಡಿಸುತ್ತಾನೆ: ‘ಈ’ ಬೇಡಿಗಳು. ಮಿಲೇತದ ‘ಈ’ ಇಲ್ಲಿ ಮರಳಿ ಬಂದಿದೆ. ಅಷ್ಟು ಹೊತ್ತು ವಾಗ್ಮಿಯ ಕೈಯೆಂದು ನೋಡಿದ್ದನ್ನು ಓದುಗನು ಹಿಂತಿರುಗಿ ಮತ್ತೆ ನೋಡಬೇಕಾಗುತ್ತದೆ.

ಕಾಲರಿಗೆ ಸಿಕ್ಕಿಸುವ ಮೈಕು ಬಂದ ಮೇಲೆ ನಮ್ಮ ಎರಡು ಕೈಗಳೂ ಬಿಡುವಾಗಿವೆ. ದೊಡ್ಡ ಕೂಟಗಳ ಪರದೆಗಳ ಮೇಲೆ ಕಂಡ ಚಲನೆಗಳು ಸಣ್ಣ ಹಳ್ಳಿಯ ಸಭೆಗಳ ಪ್ರಸಂಗಪೀಠಕ್ಕೂ ಇಳಿದಿವೆ. ಅವುಗಳಲ್ಲಿ ಹೆಚ್ಚಿನವು ಆಜ್ಞಾಪಿಸುವ ಕೈಯವು: ಏಳಿಸುವ, ಕೂರಿಸುವ, ಸಭೆಯಿಂದ ಉತ್ತರ ಹೊರಡಿಸುವ ಚಲನೆಗಳು. ಇವನ್ನು ಅತಿಯೆಂದು ಟೀಕಿಸುವುದು ಸುಲಭ. ನನ್ನ ಆಕ್ಷೇಪ ಅಳತೆಯ ಕುರಿತಲ್ಲ. ಮೌನವನ್ನು ಕೇಳಿಕೊಳ್ಳುವವನು ನಿರಾಕರಣೆಗೂ ಸಿದ್ಧನಾಗಿರುತ್ತಾನೆ. ಆಜ್ಞಾಪಿಸುವ ಕೈಗೆ ಆ ಅಪಾಯ ತಿಳಿಯದು.

ಕೈಸರೈಯದಲ್ಲಿ ಕೇಳಿದವರು ಏನು ಮಾಡಿದರು? ಅರಸನು ಎದ್ದನು, ದೇಶಾಧಿಪತಿಯೂ ಬೆರ್ನಿಕೆಯೂ ಎದ್ದರು. ಆಚೆಗೆ ಹೋಗಿ, ಮರಣಕ್ಕಾಗಲಿ ಬೇಡಿಗಾಗಲಿ ಯೋಗ್ಯವಾದದ್ದೇನನ್ನೂ ಈ ಮನುಷ್ಯನು ಮಾಡಿಲ್ಲವೆಂದು ತಮ್ಮತಮ್ಮೊಳಗೆ ಮಾತಾಡಿಕೊಂಡರು. ಪೌಲನು ತೋರಿಸಿದ ಬೇಡಿಯೇ ಅವರ ಬಾಯಿಗೂ ಬಂದಿತ್ತು. ಅದನ್ನು ಯಾರೂ ಬಿಚ್ಚಿಸಲಿಲ್ಲ. ಮುಂದಿನ ಅಧ್ಯಾಯ ತೆರೆಯುವಾಗ ಅವನನ್ನು ಇತರ ಸೆರೆಯವರೊಂದಿಗೆ ಇತಾಲ್ಯಕ್ಕೆ ಕಳುಹಿಸುವ ಏರ್ಪಾಡು ನಡೆದಿದೆ.