ತಮಟೆಗೆ ಯಾರ ಸರ್ಟಿಫಿಕೇಟು?

ಸಿನಿಮಾ ಸಂಗೀತ ಅಂದ ಕೂಡಲೆ ನಮ್ಮಲ್ಲಿ ಮಾತು ಹಾಡಿನ ಹತ್ತಿರ ಹೋಗಿ ನಿಂತುಬಿಡುತ್ತದೆ. ಯಾರ ರಾಗ ಇಂಪು, ಯಾರ ಹಾಡಿನಿಂದ ಚಿತ್ರ ನೂರು ದಿನ ಓಡಿತು, ಯಾರು ಯಾವ ಧಾಟಿಯನ್ನು ಎಲ್ಲಿಂದ ಕದ್ದರು, ಇಷ್ಟೇ ಚರ್ಚೆ. ಆದರೆ ಚಿತ್ರವೊಂದು ನಮ್ಮೊಳಗೆ ವರ್ಷಗಟ್ಟಲೆ ಉಳಿಯೋದು ಹಾಡಿನಿಂದ ಮಾತ್ರ ಅಲ್ಲ. ಮಾತು ನಿಂತ ಕಡೆ ಪರದೆಯ ಹಿಂದಿನಿಂದ ಬರುವ ಸದ್ದು ಇದೆಯಲ್ಲ, ಅದು ನಮಗೆ ಗೊತ್ತಾಗದ ಹಾಗೆ ನಮ್ಮ ಮೇಲೆ ಕೆಲಸ ಮಾಡುತ್ತದೆ. ಯಾರ ದುಃಖಕ್ಕೆ ಅಳಬೇಕು, ಯಾರನ್ನು ಕಂಡು ಹೆದರಬೇಕು, ಯಾರನ್ನು ನೋಡಿ ನಗಬೇಕು ಅಂತ ಅದು ಹೇಳಿಕೊಡುತ್ತದೆ. ಹೀಗೆ ಹೇಳಿಕೊಡುವವರು ಯಾರು, ಯಾವ ವಾದ್ಯದಲ್ಲಿ ಹೇಳಿಕೊಡ್ತಾರೆ ಅನ್ನೋದು ಬರೀ ರುಚಿಯ ಪ್ರಶ್ನೆಯಲ್ಲ.

ನಮ್ಮ ಚಿತ್ರಗಳ ರೂಢಿಯನ್ನೇ ನೋಡಿ. ನಾಯಕಿ ಅತ್ತರೆ ಪಿಟೀಲು. ಮದುವೆಯಾದರೆ ನಾಗಸ್ವರ. ದೊಡ್ಡ ಮನುಷ್ಯ ಚಿಂತೆಗೆ ಕೂತರೆ ವೀಣೆ. ತಮಟೆ ಯಾವಾಗ? ಕುಡುಕರು ಕುಣಿಯುವಾಗ, ಮಾರಿಗೆ ಕೋಣ ಕಡಿಯುವಾಗ, ಕಾಡುಜನ ನಾಯಕನನ್ನು ಕಂಬಕ್ಕೆ ಕಟ್ಟಿದಾಗ, ಹೆಣ ಹೊರಡುವಾಗ. ಅಂದರೆ ನಮ್ಮ ಕೇರಿಯ ಸದ್ದು ಪರದೆಯ ಮೇಲೆ ಬಂದಾಗೆಲ್ಲ ಒಂದೋ ಭಯ, ಇಲ್ಲ ಹೊಲಸು, ಇಲ್ಲ ಸಾವು. ಸತ್ತ ದನದ ಚರ್ಮ ಸುಲಿದು, ಹದ ಮಾಡಿ, ಬಳೆಗೆ ಬಿಗಿದು, ಬೆಂಕಿಗೆ ಹಿಡಿದು ಕಾಯಿಸಿ ಶ್ರುತಿಗೆ ತರುವ ವಿದ್ಯೆ ಇವರ ಕಣ್ಣಿಗೆ ವಿದ್ಯೆಯಲ್ಲ. ಮೃದಂಗಕ್ಕೂ ಚರ್ಮವೇ ಬೇಕು, ಅದನ್ನು ಬಿಗಿದುಕೊಟ್ಟ ಕೈಗಳಲ್ಲಿ ಬಹುಪಾಲು ನಮ್ಮಂಥವರದೇ ಅಂತ ಟಿ. ಎಂ. ಕೃಷ್ಣ 2020ರಲ್ಲಿ 'ಸೆಬಾಸ್ಟಿಯನ್ ಅಂಡ್ ಸನ್ಸ್' ಪುಸ್ತಕವನ್ನೇ ಬರೆದರು. ಚರ್ಮ ಒಂದೇ. ಅದು ದೇವಸ್ಥಾನದ ಒಳಗೆ ಹೋದರೆ ಮಡಿ, ಕೇರಿಯಲ್ಲೇ ಉಳಿದರೆ ಮೈಲಿಗೆ.

ಕನ್ನಡದಲ್ಲಿ ಈ ರೂಢಿಯನ್ನು ಮೊದಲು ಗಟ್ಟಿಯಾಗಿ ಅಲುಗಾಡಿಸಿದ ಚಿತ್ರಗಳಲ್ಲಿ 1975ರ 'ಚೋಮನ ದುಡಿ' ಒಂದು. ಶಿವರಾಮ ಕಾರಂತರ ಕಾದಂಬರಿ, ಬಿ. ವಿ. ಕಾರಂತರ ನಿರ್ದೇಶನ, ಸಂಗೀತವೂ ಅವರದೇ. ಉಳಲು ತುಂಡು ಭೂಮಿ ಕೇಳುವ ಹೊಲೆಯ ಚೋಮನಿಗೆ ಭೂಮಿ ಸಿಗೋದಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಕೈತಪ್ಪಿ ಹೋಗ್ತಾರೆ. ಸಿಟ್ಟು ಬಂದರೂ ಸಂಕಟ ಬಂದರೂ ಅವನಿಗೆ ಉಳಿದದ್ದು ದುಡಿ ಒಂದೇ. ಧಣಿಯ ಮುಂದೆ ಬಾಯಲ್ಲಿ ಆಡಲಾರದ್ದನ್ನು ಅವನು ಕೈಯಲ್ಲಿ ಬಡಿಯುತ್ತಾನೆ. ಅದಕ್ಕೇ ಆ ಸದ್ದು ಹಿನ್ನೆಲೆ ಸಂಗೀತವಲ್ಲ, ಅದು ಚೋಮನ ಮಾತು. ಮುಂದೆ 'ಋಷ್ಯಶೃಂಗ' (1976), 'ಘಟಶ್ರಾದ್ಧ' (1977) ಚಿತ್ರಗಳ ಸಂಗೀತಕ್ಕೆ ಕಾರಂತರಿಗೆ ಎರಡು ವರ್ಷ ಸಾಲಾಗಿ ರಾಷ್ಟ್ರಪ್ರಶಸ್ತಿ ಬಂತು. ವಾದ್ಯಗಳನ್ನು ಗುಡ್ಡೆ ಹಾಕದೆ, ಸದ್ದು ಕಡಿಮೆ ಮಾಡಿ, ಇರುವ ಸದ್ದಿಗೆ ಬೆಲೆ ತಂದುಕೊಡುವ ವಿದ್ಯೆ ಅವರದು, ರಂಗಭೂಮಿ ಕಲಿಸಿದ್ದು.

ಆದರೂ ನಮ್ಮ ತಕರಾರು ಒಂದಿದೆ. ಚೋಮನ ದುಡಿ ಕೊನೆಗೆ ಮುಚ್ಚಿದ ಬಾಗಿಲ ಒಳಗೆ ಬಡಿದು ಬಡಿದು ಅಲ್ಲೇ ಸಾಯುತ್ತದೆ. ನೋಡಿದವರು ಕಣ್ಣೊರೆಸಿಕೊಂಡು ಮನೆಗೆ ಹೋಗ್ತಾರೆ. ಧಣಿಯ ಅಂಗಳದವರೆಗೆ ಆ ಸದ್ದು ನಡೆದು ಹೋಗೋದಿಲ್ಲ. ಅನುಕಂಪ ಅಲ್ಲಿಗೇ ನಿಲ್ಲುತ್ತದೆ.

ಈಗ ಇಳಯರಾಜ. 1943ರಲ್ಲಿ ತಮಿಳುನಾಡಿನ ಪಣ್ಣೈಪುರದ ದಲಿತ ಕುಟುಂಬದಲ್ಲಿ ಹುಟ್ಟಿದವರು. ಅಣ್ಣ ಪಾವಲರ್ ವರದರಾಜನ್ ಜೊತೆ ಕಮ್ಯುನಿಸ್ಟ್ ಪಕ್ಷದ ಸಭೆಗಳಲ್ಲಿ ಹಾಡುತ್ತ ಊರೂರು ತಿರುಗಿದವರು. ಮದರಾಸಿಗೆ ಬಂದು ಧನರಾಜ್ ಮಾಸ್ತರರ ಹತ್ತಿರ ಪಾಶ್ಚಾತ್ಯ ಸಂಗೀತದ ಲಿಪಿ ಕಲಿತರು, ನಮ್ಮ ಜಿ. ಕೆ. ವೆಂಕಟೇಶ್ ಅವರ ಸಹಾಯಕರಾಗಿ ದುಡಿದರು. 1976ರ 'ಅನ್ನಕ್ಕಿಳಿ'ಯಲ್ಲಿ ಹಳ್ಳಿಯ ಧಾಟಿ ತಂದು ತಮಿಳರ ಕಿವಿಯನ್ನೇ ಬದಲಿಸಿದರು. 'ಗೀತಾ' (1981), 'ಪಲ್ಲವಿ ಅನುಪಲ್ಲವಿ' (1983) ಮೂಲಕ ಕನ್ನಡದವರ ಬಾಯಲ್ಲೂ ಅವರೇ.

ನಮಗೆ ಮುಖ್ಯ ಅನ್ನಿಸೋದು ಅವರ ರಾಗಕ್ಕಿಂತ ಅವರ ಬರವಣಿಗೆ. ಯಾವ ಪಿಟೀಲು ಎಲ್ಲಿ ಏಳಬೇಕು, ಕೊಳಲು ಎಲ್ಲಿ ಸುಮ್ಮನಿರಬೇಕು ಅನ್ನೋದನ್ನೆಲ್ಲ ಅವರು ಸ್ವರಲಿಪಿಯಲ್ಲಿ ತಾವೇ ಬರೆದು ವಾದ್ಯಗಾರರ ಕೈಗೆ ಕೊಡ್ತಾರೆ. ಅಕ್ಷರವನ್ನು ಸಾವಿರಾರು ವರ್ಷ ಯಾರಿಂದ ಮುಚ್ಚಿಟ್ಟರೋ ಆ ಜನರೊಳಗಿನ ಒಬ್ಬ ಮನುಷ್ಯ ಇಡೀ ಆರ್ಕೆಸ್ಟ್ರಾಕ್ಕೆ ಅಕ್ಷರದಲ್ಲಿ ಅಪ್ಪಣೆ ಕೊಡ್ತಾನೆ. ಇದು ಸಣ್ಣ ಸಂಗತಿಯಲ್ಲ.

ಆದರೆ ಲೋಕ ಅವರನ್ನು ಒಪ್ಪಿಕೊಂಡ ರೀತಿ ನೋಡಿ. ಅವರ ಮೊದಲ ಮೂರು ರಾಷ್ಟ್ರಪ್ರಶಸ್ತಿಗಳು 'ಸಾಗರ ಸಂಗಮಂ' (1983), 'ಸಿಂಧು ಭೈರವಿ' (1985), 'ರುದ್ರವೀಣ' (1988) ಚಿತ್ರಗಳಿಗೆ. ಮೂರೂ ಶಾಸ್ತ್ರೀಯ ಸಂಗೀತ, ನೃತ್ಯದವರ ಕಥೆ. ಹಳ್ಳಿಯ ಧಾಟಿಯ 'ಅನ್ನಕ್ಕಿಳಿ'ಗೆ ಆ ಪ್ರಶಸ್ತಿ ಬರಲಿಲ್ಲ. 'ಸಿಂಧು ಭೈರವಿ'ಯ ಒಂದು ದೃಶ್ಯವಂತೂ ನಮ್ಮ ಪಾಠಕ್ಕೇ ಇಟ್ಟುಕೊಳ್ಳಬೇಕು. ಜನಕ್ಕೆ ತಿಳಿಯದ ಭಾಷೆಯಲ್ಲಿ ಯಾಕೆ ಹಾಡ್ತೀರಿ ಅಂತ ಸಿಂಧು ದೊಡ್ಡ ವಿದ್ವಾಂಸನನ್ನು ತುಂಬಿದ ಸಭೆಯಲ್ಲಿ ಕೇಳ್ತಾಳೆ. ನೀನೇ ಬಂದು ಹಾಡು ಅಂತ ಸವಾಲು. ಅವಳು ಓದು ಬರಹ ಬಾರದ ಹೆಂಗಸಿನ ಧಾಟಿಯಲ್ಲಿ ಹಾಡ್ತಾಳೆ. ಹಾಡು ಸಾಗಿ ಸಾಗಿ ಕೊನೆಗೆ ಅದೇ ಸಾರಮತಿ ರಾಗದಲ್ಲಿ ತ್ಯಾಗರಾಜರ ಕೃತಿಗೆ ಹೋಗಿ ಸೇರುತ್ತದೆ. ಆ ಕೃತಿಯನ್ನು ವಿದ್ವಾಂಸರು ಹಾಡೋದು ಕಾಂಬೋಧಿಯಲ್ಲಿ. ಇಳಯರಾಜ ಅದನ್ನು ಬೇಕೆಂದೇ ಸಾರಮತಿಗೆ ತಂದರು. ನಿಮ್ಮ ಸ್ವರವೂ ನಮ್ಮ ಸ್ವರವೂ ಬೇರೆಯಲ್ಲ ಅಂತ ವಾದ ಮಾಡದೆ ಕೇಳಿಸಿಬಿಟ್ಟರು. ಇಂಥದ್ದನ್ನು ಕಿವಿ ಮರೆಯೋದಿಲ್ಲ.

ಆದರೂ ಕೇಳಬೇಕಾದ್ದು ಉಳಿಯುತ್ತದೆ: ಜಾನಪದ ತನ್ನ ಯೋಗ್ಯತೆ ತೋರಿಸಲು ಕೃತಿಯ ಬಾಗಿಲಿಗೇ ಯಾಕೆ ಹೋಗಬೇಕು? ಕೃತಿ ಯಾಕೆ ಹೊರಟು ಕೇರಿಗೆ ಬರಬಾರದು? ಸರ್ಟಿಫಿಕೇಟು ಕೊಡುವ ಸಭೆ ಇನ್ನೂ ಅದೇ ಸಭೆ. ಕರಗ ಕುಣಿಯುವ ತಂಡದ ಬದುಕಿನ ಚಿತ್ರ 'ತಾರೈ ತಪ್ಪಟ್ಟೈ'ಯ ಹಿನ್ನೆಲೆ ಸಂಗೀತಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಾಗ 2016 ಆಗಿತ್ತು. 'ಅನ್ನಕ್ಕಿಳಿ' ಬಂದು ನಲವತ್ತು ವರ್ಷ.

ಇಳಯರಾಜ 2022ರಲ್ಲಿ ಪುಸ್ತಕವೊಂದಕ್ಕೆ ಮುನ್ನುಡಿ ಬರೆದು ಅಂಬೇಡ್ಕರರನ್ನೂ ಪ್ರಧಾನಿ ಮೋದಿಯವರನ್ನೂ ಹೋಲಿಸಿದರು. ಚಳವಳಿಯವರಲ್ಲಿ ಅನೇಕರು ಸಿಟ್ಟಾದರು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಮುನ್ನುಡಿಯ ಜೊತೆ ಜಗಳ ಆಡುವವರು ಸ್ವರಲಿಪಿಯನ್ನೂ ಬೆಂಕಿಗೆ ಹಾಕಬಾರದು. ನಮ್ಮವರು ಅಂತ ಹೊತ್ತು ಮೆರೆಸೋದು ಬೇಡ, ನಮ್ಮವರಲ್ಲ ಅಂತ ಕಳೆದುಕೊಳ್ಳೋದೂ ಬೇಡ. ಕಿವಿಗೊಟ್ಟು ಕೇಳಿ, ಬೇಕಾದ್ದನ್ನು ತೆಗೆದುಕೊಳ್ಳೋಣ.

ಹಾಗಂತ ಪಿಟೀಲು, ಸಿತಾರು ಬೇಡ, ತಮಟೆ ಒಂದೇ ಬೇಕು ಅನ್ನುವ ಹಠವೂ ನಮ್ಮದಲ್ಲ. 1955ರ 'ಪಥೇರ್ ಪಾಂಚಾಲಿ'ಯಲ್ಲಿ ಊರಿಗೆ ಮರಳಿದ ಗಂಡ ಸತ್ತ ಮಗಳಿಗೆಂದು ತಂದ ಸೀರೆ ತೆಗೆದಾಗ ತಾಯಿ ಗೋಳಾಡ್ತಾಳೆ. ಆದರೆ ನಮಗೆ ಅವಳ ದನಿ ಕೇಳೋದಿಲ್ಲ. ಅದರ ಜಾಗದಲ್ಲಿ ರವಿಶಂಕರ್ ಸಂಗೀತದ ತಾರ್ ಶಹನಾಯಿ ಕೀರುತ್ತದೆ. ಬಡವಿಯ ದುಃಖವನ್ನು ಅದು ಅಲಂಕಾರ ಮಾಡಲಿಲ್ಲ, ಅವಳ ಗಂಟಲಾಯಿತು. ವಾದ್ಯ ಯಾವುದಾದರೇನು, ಅದು ಯಾರ ಗಂಟಲಾಗುತ್ತದೆ ಅನ್ನೋದೇ ಮುಖ್ಯ.

ಕೆಲವು ಸಲ ಸಂಗೀತವೇ ಬೇಡ. ನಾಗರಾಜ ಮಂಜುಳೆಯವರ ಮರಾಠಿ ಚಿತ್ರ 'ಫ್ಯಾಂಡ್ರಿ' (2013) ನೋಡಿ. ಕೈಕಾಡಿ ಹುಡುಗ ಜಬ್ಯಾನ ಮನೆಯವರು ಶಾಲೆಯ ಪಕ್ಕದಲ್ಲೇ ಹಂದಿ ಹಿಡಿಯುತ್ತಿದ್ದಾರೆ. ಅಷ್ಟರಲ್ಲಿ ಶಾಲೆಯಿಂದ ರಾಷ್ಟ್ರಗೀತೆ. ಎಲ್ಲರೂ ಇದ್ದಲ್ಲೇ ನೆಟ್ಟಗೆ ನಿಲ್ತಾರೆ. ಹಂದಿ ಮಾತ್ರ ನಿಲ್ಲೋದಿಲ್ಲ. ಯಾವ ಪಿಟೀಲೂ ಇಲ್ಲ, ತಮಟೆಯೂ ಇಲ್ಲ. ನಾವೆಲ್ಲ ಬಾಯಿಪಾಠ ಮಾಡಿದ ಗೀತೆಯೇ ಅಲ್ಲಿ ಪ್ರಶ್ನೆಯಾಗಿ ನಿಲ್ಲುತ್ತದೆ: ಈ ದೇಶ ಇವರಿಗಾಗಿ ಯಾವತ್ತಾದರೂ ಎದ್ದು ನಿಂತಿದೆಯಾ? ಚೋಮನ ದುಡಿ ಬಾಗಿಲ ಒಳಗೆ ಉಳಿಯಿತು. ಜಬ್ಯಾ ಕೊನೆಗೆ ಕಲ್ಲು ಎತ್ತಿ ನೋಡುವವರ ಕಡೆಗೇ ಬೀಸುತ್ತಾನೆ. ಈ ಎರಡರ ನಡುವೆ ಮೂವತ್ತೆಂಟು ವರ್ಷದ ಚಳವಳಿ ಇದೆ.

ಹಳ್ಳಿ ಶಾಲೆಗಳ ಮೇಷ್ಟ್ರುಗಳಲ್ಲಿ, ಹಾಸ್ಟೆಲಿನ ಗೆಳೆಯರಲ್ಲಿ ನಮ್ಮದೊಂದು ಮಾತು. ಮುಂದಿನ ಸಲ ಚಿತ್ರ ತೋರಿಸುವಾಗ ಒಂದು ದೃಶ್ಯವನ್ನು ಮೊದಲು ಸದ್ದಿಲ್ಲದೆ ತೋರಿಸಿ. ಆಮೇಲೆ ಸದ್ದಿನ ಜೊತೆ ತೋರಿಸಿ. ಯಾರ ಮೇಲೆ ಕರುಣೆ ಬಂತು, ಯಾರ ಮೇಲೆ ಹೇಸಿಗೆ ಬಂತು, ಯಾವ ವಾದ್ಯ ಅದನ್ನು ತರಿಸಿತು ಅಂತ ಮಕ್ಕಳನ್ನು ಕೇಳಿ. ಊರಿನ ತಮಟೆಯವರನ್ನು ಮೆರವಣಿಗೆಗೆ ಮಾತ್ರ ಕರೆಯೋದು ಬಿಟ್ಟು ತರಗತಿಯ ಒಳಗೆ ಕುರ್ಚಿ ಹಾಕಿ ಕೂರಿಸಿ. ಗತ್ತುಗಳ ಹೆಸರು ಹೇಳಿಸಿ, ಬರೆದುಕೊಳ್ಳಿ. ಆ ಮಕ್ಕಳಲ್ಲಿ ಯಾರೋ ಒಬ್ಬಳು ನಾಳೆ ಸ್ವರಲಿಪಿ ಕಲಿತು ಆ ಗತ್ತುಗಳನ್ನೇ ಇಡೀ ಆರ್ಕೆಸ್ಟ್ರಾಕ್ಕೆ ಬರೆದು ಕೊಡಲಿ.